ಅಡಿಕೆ ಧಾರಣೆ ಪುಟಕ್ಕೆ ಜಾಹೀರಾತು ಹಾಕಲೇ? ಪುಕ್ಕಟೆ ಜಾಲತಾಣ ಮಾಡುವವರು ಯಾಕೆ ಮಾಡುತ್ತಾರೆ?

ಶಿರಸಿ ತೋಟಿಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ.

ನಾನು ಶಿರಸಿ ಕಡೆಯವನು. ಎರಡು ಎಕರೆ ಅಡಿಕೆ ತೋಟ ಇದೆ. ಮೊದಲು ಇಪ್ಪತ್ತೆರಡು ವರ್ಷ ಅಡಿಕೆ ಮಂಡಿಯಲ್ಲಿ ಗುಮಾಸ್ತನಾಗಿದ್ದೆ. 2011ರ ದೀಪಾವಳಿ ಹೊತ್ತಿಗೆ ಅಕ್ಕನ ಮಗ ನನಗೊಂದು ಜಾಲತಾಣ ಮಾಡಿಕೊಟ್ಟ. ಅದರಲ್ಲಿ ಇರುವುದು ಒಂದೇ ವಿಷಯ, ಆ ದಿನದ ಅಡಿಕೆ ಧಾರಣೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಸಾಗರ. ಅಡಿಕೆಯ ಬಗೆಗಳು ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕ. ಒಂದೊಂದಕ್ಕೂ ಕನಿಷ್ಠ, ಗರಿಷ್ಠ, ಸರಾಸರಿ. ಕೆಳಗೆ ನನ್ನದು ಎರಡು ಸಾಲು.

ಆ ಎರಡು ಸಾಲಿಗೇ ಜನ ಬರುತ್ತಾರೆ ಅಂತ ನನ್ನ ನಂಬಿಕೆ. ಬರೀ ಅಂಕಿ ಬೇಕಿದ್ದರೆ ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲೂ ಸಿಗುತ್ತದೆ. ಆದರೆ ಇವತ್ತು ಮಾಲು ಜಾಸ್ತಿ ಬಂದಿತ್ತಾ, ಒಣಗಿದ್ದು ಸಾಲದು ಅಂತ ವ್ಯಾಪಾರಿಗಳು ದರ ಇಳಿಸಿದರಾ, ಚಾಲಿಗೆ ಯಾಕೆ ಇದ್ದಕ್ಕಿದ್ದಂತೆ ಕೇಳಿಕೆ ಬಂತು, ಇದನ್ನು ಯಾರಾದರೂ ಹೇಳಬೇಕಲ್ಲ. ಮಂಡಿಯಲ್ಲಿ ವ್ಯಾಪಾರಿಗಳು ದರ ಹಾಕುವ ಟೆಂಡರ್ ಮುಗಿದ ಮೇಲೆ ಅಲ್ಲಿನ ಹಳೆಯ ಗೆಳೆಯರಿಗೆ ಫೋನ್ ಮಾಡುತ್ತೇನೆ. ಮೊದಲು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಆಮೇಲೆ ಟೈಪ್ ಮಾಡುತ್ತೇನೆ. ಒಂದು ಸೊನ್ನೆ ಹೆಚ್ಚುಕಡಿಮೆ ಆದರೆ ಯಾರದೋ ಮನೆಯ ಲೆಕ್ಕ ತಪ್ಪುತ್ತದೆ, ಹಾಗಾಗಿ ಮನೆಯವಳು ಪಕ್ಕದಲ್ಲಿ ಕೂತು ನೋಟ್‌ಬುಕ್ ಓದುತ್ತಾಳೆ, ನಾನು ಪರದೆ ನೋಡುತ್ತೇನೆ. ಮುಕ್ಕಾಲು ಗಂಟೆ ಹಿಡಿಯುತ್ತದೆ. 2014ರಲ್ಲಿ ಧಾರಣೆ ಆಕಾಶಕ್ಕೆ ಹೋಯಿತಲ್ಲ, ಆಗ ರಾತ್ರಿ ಹನ್ನೊಂದಕ್ಕೂ ಫೋನ್ ಬರುತ್ತಿತ್ತು, "ನಾಳೆ ಏರುತ್ತಾ, ಈಗಲೇ ಕೊಟ್ಟುಬಿಡಲಾ" ಅಂತ. ಏರುತ್ತದೆ, ಇಳಿಯುತ್ತದೆ ಅಂತ ನಾನು ಯಾವತ್ತೂ ಹೇಳಿಲ್ಲ. ಆದದ್ದನ್ನು ಮಾತ್ರ ಬರೆಯುತ್ತೇನೆ.

ಖರ್ಚು ವರ್ಷಕ್ಕೆ ಸುಮಾರು 4,800 ರೂಪಾಯಿ. ಜಾಲತಾಣದ ಹೆಸರಿಗೆ ಇಷ್ಟು, ಅದನ್ನು ಇಡುವ ಜಾಗಕ್ಕೆ ಇಷ್ಟು ಅಂತ. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನ ಮೂರು ದಿನದ ಕೂಲಿ ಅಂದುಕೊಳ್ಳಿ. ಅದು ದೊಡ್ಡದಲ್ಲ.

ಈಗ ವಿಷಯಕ್ಕೆ ಬರುತ್ತೇನೆ. 2021ರಲ್ಲಿ ಮಗನ ಮಾತು ಕೇಳಿ ಜಾಹೀರಾತು ಹಾಕಿದ್ದೆ. ಜಾಹೀರಾತು ಕೊಡುವ ಕಂಪನಿಯಿಂದ ವಿಳಾಸ ಖಾತ್ರಿಗೆ ಅಂತ ಪಿನ್ ನಂಬರ್ ಇದ್ದ ಕಾಗದ ಅಂಚೆಯಲ್ಲಿ ಬಂತು. ನಮ್ಮೂರ ಪೋಸ್ಟ್‌ಮ್ಯಾನ್ ಅದನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದ. ಎಂಟು ತಿಂಗಳಲ್ಲಿ 61 ಡಾಲರ್ ಆಯಿತು. ನೂರು ಆಗುವ ತನಕ ಕೈಗೆ ಬರುವುದಿಲ್ಲ.

ಅಷ್ಟರಲ್ಲಿ ಸಿದ್ದಾಪುರದ ಕಡೆಯಿಂದ ಒಬ್ಬರು ಫೋನ್ ಮಾಡಿದರು. ವಯಸ್ಸಾದ ಹೆಂಗಸು. ಗಂಡ ಇಲ್ಲ, ತೋಟ ತಾವೇ ನೋಡಿಕೊಳ್ಳುತ್ತಾರೆ. ಅವರ ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಸಂಜೆ ದನ ಹೊಡೆದುಕೊಂಡು ಬರುವಾಗ ಹಿಂದಿನ ಗುಡ್ಡ ಹತ್ತಿ, ಒಂದು ನೇರಳೆ ಮರದ ಹತ್ತಿರ ನಿಂತರೆ ಎರಡು ಕಡ್ಡಿ ಬರುತ್ತದಂತೆ. ಅಲ್ಲಿ ನನ್ನ ಪುಟ ತೆಗೆಯುತ್ತಾರೆ. "ತಮ್ಮಾ, ಮೊದಲು ತೆಗೆದ ಕೂಡಲೇ ಬರುತ್ತಿತ್ತು. ಈಗ ಗುಂಡಗೆ ಸುತ್ತುತ್ತಲೇ ಇರುತ್ತದೆ, ಕತ್ತಲಾಗುತ್ತದೆ, ಇಳಿದು ಬರುತ್ತೇನೆ" ಅಂದರು. ಬೈಯಲಿಲ್ಲ. ನಾನೇನೋ ತಪ್ಪು ಒತ್ತುತ್ತಿದ್ದೇನಾ ಅಂತ ಕೇಳಿದರು.

ಅಕ್ಕನ ಮಗನನ್ನು ಕೇಳಿದೆ. ಮೊದಲು ಇಡೀ ಪುಟ 20 ಕೆಬಿ ಇತ್ತು, ಜಾಹೀರಾತು ಬಂದ ಮೇಲೆ 2 ಎಂಬಿ ದಾಟಿದೆ ಅಂದ. ನೂರು ಪಟ್ಟು! ಅವತ್ತೇ ರಾತ್ರಿ ತೆಗೆಸಿದೆ.

ಈ ವರ್ಷ ಮತ್ತೆ ಅದೇ ಮಾತು ಬಂದಿದೆ. "ಅಪ್ಪಾ, ಪುಕ್ಕಟೆ ಅಂತ ಜಗತ್ತಿನಲ್ಲಿ ಯಾವುದೂ ಇಲ್ಲ. ನೀನೊಬ್ಬನನ್ನು ಬಿಟ್ಟರೆ ಎಲ್ಲರೂ ದುಡ್ಡಿಗೇ ಮಾಡೋದು. ಜಾಹೀರಾತು ಹಾಕು, ಇಲ್ಲವಾದರೆ ಮುಚ್ಚು. ನಿನಗೆ ಕಣ್ಣೂ ಸರಿ ಇಲ್ಲ" ಅನ್ನುತ್ತಾನೆ ಮಗ. ಅವನಿಗೆ ನನ್ನ ಮೇಲೆ ಕಾಳಜಿ ಇದೆ. ಆದರೂ "ನೀನೊಬ್ಬ" ಅಂದದ್ದು ಮನಸ್ಸಿಗೆ ನಾಟಿತು. ನಿಜವಾಗಿ ಹಾಗೆಯೇ? ನೀವೆಲ್ಲ ದಿನಾ ಬಳಸುವ ಪುಕ್ಕಟೆ ಜಾಲತಾಣಗಳನ್ನು ಮಾಡಿದವರು ಲಾಭಕ್ಕೇ ಮಾಡಿದ್ದಾ? ಬಲ್ಲವರು ಹೇಳಿ.

ತಿಪಟೂರು ಟೀಚರ್:

ನಮಸ್ಕಾರ ಸರ್. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹೋದ ತಿಂಗಳು ಎಂಟನೇ ಕ್ಲಾಸಿನಲ್ಲಿ ಮಾತಿನ ನಡುವೆ "ಹಗೇವು" ಅನ್ನೋ ಪದ ಬಂತು. ಮೂವತ್ತಾರು ಮಕ್ಕಳಲ್ಲಿ ಒಬ್ಬರಿಗೂ ಗೊತ್ತಿಲ್ಲ. ನಮ್ಮಜ್ಜಿ ಮನೆ ಅಂಗಳದಲ್ಲಿ ನೆಲದಡಿ ರಾಗಿ ತುಂಬಿಡುವ ಗುಂಡಿ, ಅಂದರೆ ಹಗೇವು ಇತ್ತು, ಬಾಯಿ ತೆಗೆದ ಕೂಡಲೇ ಒಳಗೆ ಇಳಿಯಬಾರದು, ಉಸಿರು ಕಟ್ಟುತ್ತದೆ ಅಂತೆಲ್ಲ ಹೇಳಿದೆ. ಆಮೇಲೆ ಮೊಬೈಲಿನಲ್ಲಿ ಅಲರ್ ಅನ್ನೋ ಕನ್ನಡ-ಇಂಗ್ಲಿಷ್ ನಿಘಂಟು ತೆಗೆದು, ಪದ ಹುಡುಕೋದು ಹೇಗೆ ಅಂತ ತೋರಿಸಿದೆ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು, "ಮಿಸ್, ಇಷ್ಟೆಲ್ಲ ಬರೆದವರಿಗೆ ದುಡ್ಡು ಯಾರು ಕೊಡ್ತಾರೆ?"

ನಿಮ್ಮ ಪ್ರಶ್ನೆಯೇ ಅಲ್ವಾ ಸರ್ ಇದು?

ನಾನು ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಅಲರ್ ಮಾಡಿದವರು ವಿ. ಕೃಷ್ಣ. ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದ, ಅವಕ್ಕೆ 2.4 ಲಕ್ಷದಷ್ಟು ಇಂಗ್ಲಿಷ್ ಅರ್ಥ. ನಾಲ್ಕು ದಶಕ ಒಬ್ಬರೇ ಕೂತು ಮಾಡಿದ ಕೆಲಸ. ಅಂತರ್ಜಾಲಕ್ಕೆ ಬಂದದ್ದು 2019ರಲ್ಲಿ. ಅವರು ಮೊದಲ ಪದ ಬರೆದಾಗ ಜಾಲತಾಣ ಅನ್ನೋದೇ ಇರಲಿಲ್ಲ. ಇಲ್ಲದ ಪೇಟೆಯ ಲಾಭ ಲೆಕ್ಕ ಹಾಕಿ ಯಾರಾದರೂ ನಲವತ್ತು ವರ್ಷ ಕೂರುತ್ತಾರಾ?

ಇನ್ನೊಂದು ಕಡೆಯನ್ನೂ ಹೇಳಬೇಕು. ಅದನ್ನು ಜಾಲತಾಣ ಮಾಡಿ ನಿಲ್ಲಿಸಿದವರು ಕೈಲಾಶ್ ನಾಧ್. ಅವರು ಷೇರು ವಹಿವಾಟಿನ ಜೆರೋಧಾ ಕಂಪನಿಯ ತಂತ್ರಜ್ಞಾನ ವಿಭಾಗದ ಮುಖ್ಯಸ್ಥರು. 2010ರಲ್ಲೇ ಮಲಯಾಳಂಗೆ ಓಳಂ ನಿಘಂಟು ಮಾಡಿದ್ದರು. ಅಂದರೆ ಊಟಕ್ಕೆ ಬೇರೆ ದಾರಿ ಇತ್ತು. ನಿಮಗೂ ತೋಟ ಇದೆ. ಪ್ರೀತಿಯ ಕೆಲಸದ ಹಿಂದೆ ಎಲ್ಲೋ ಒಂದು ಸಂಬಳವೋ ತೋಟವೋ ಇದ್ದೇ ಇರುತ್ತದೆ. ಅದಿಲ್ಲದವರು ಜಾಹೀರಾತು ಹಾಕಿದರೆ ಅವರಿಗೆ ಪ್ರೀತಿ ಇಲ್ಲ ಅಂತ ನಾನು ಹೇಳಲಾರೆ.

ನನಗೆ ಅಲರ್‌ನಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಬೇರೆ. ಇಡೀ ನಿಘಂಟನ್ನೇ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಮುಕ್ತ ಪರವಾನಗಿ ಕೊಟ್ಟಿದ್ದಾರೆ. ನಾಳೆ ಆ ಜಾಲತಾಣ ನಿಂತರೂ ಪದಗಳು ನಮ್ಮ ಹತ್ತಿರ ಇರುತ್ತವೆ. ಲಾಭಕ್ಕೆ ಮಾಡುವವರು ಕೀಲಿಕೈ ಹೀಗೆ ಬಿಟ್ಟುಕೊಡುವುದಿಲ್ಲ. ಸರ್, ನಿಮ್ಮ ಇಷ್ಟು ವರ್ಷದ ಧಾರಣೆ ಎಲ್ಲಿದೆ? ಆ ನೋಟ್‌ಬುಕ್ಕುಗಳು?

ಬಸವನಗುಡಿ ಬಾಬು:

ನಮಸ್ಕಾರ ಅಣ್ಣ. ನಾನು ಆನ್‌ಲೈನ್ ಜಾಹೀರಾತಿನ ಕೆಲಸದಲ್ಲೇ ಇದ್ದೇನೆ, ಒಂಬತ್ತು ವರ್ಷವಾಯಿತು. ನಿಮ್ಮ ಮಗ ಪೂರ್ತಿ ತಪ್ಪು ಹೇಳಿಲ್ಲ.

ನೀವು ಸರ್ಕಾರಿ ಕೆಲಸದ ಅರ್ಜಿಯೋ ವಿದ್ಯಾರ್ಥಿವೇತನವೋ ಅಂತ ಕನ್ನಡದಲ್ಲಿ ಹುಡುಕಿ ನೋಡಿ. ಮೊದಲು ಬರುವ ಪುಟಗಳಲ್ಲಿ ಎಷ್ಟೋ ಲಾಭಕ್ಕೇ ಹುಟ್ಟಿದವು. ಇಲಾಖೆಯ ಆದೇಶವನ್ನು ಹಾಗೇ ಎತ್ತಿ ಹಾಕಿರುತ್ತಾರೆ. ಕೊನೆಯ ದಿನಾಂಕ ಬೇಕು ಅಂದರೆ ಐದು ಸಲ ಕೆಳಗೆ ಎಳೆಯಬೇಕು. ಎಳೆದಷ್ಟೂ ಜಾಹೀರಾತು ಕಾಣುತ್ತದೆ, ಕಂಡಷ್ಟೂ ಕಾಸು. ಇನ್ನು ಕೆಲವರು ಮೊಬೈಲ್ ನಂಬರ್ ಕೊಟ್ಟರೆ ಮಾತ್ರ ಮುಂದಕ್ಕೆ ಬಿಡುತ್ತಾರೆ. ಆ ನಂಬರ್ ಸಾಲ ಕೊಡುವವರ ಕೈಗೆ ಹೋಗುತ್ತದೆ. ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅಂಥ ಒಂದು ಕೆಲಸ ನನ್ನ ಪಾಲಿಗೆ ಬಂದಾಗ ಬೇಡ ಅಂದೆ.

ಹಾಗಂತ ಜಾಹೀರಾತೇ ಪಾಪ ಅಲ್ಲ. ಮನೆಗೆ ಬರುವ ದಿನಪತ್ರಿಕೆಯೂ ಅದರ ಮೇಲೇ ನಿಂತಿದೆ. ಕ್ರೇಗ್ಸ್‌ಲಿಸ್ಟ್ ಅಂತ ಜನ ಸಣ್ಣ ಪ್ರಕಟಣೆ ಹಾಕುವ ಅಮೆರಿಕದ ಜಾಲತಾಣ ಒಂದಿದೆ. 1995ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ರೇಗ್ ನ್ಯೂಮಾರ್ಕ್ ಗೆಳೆಯರಿಗೆ ಊರಿನ ಕಾರ್ಯಕ್ರಮ ತಿಳಿಸಲು ಇಮೇಲ್ ಕಳಿಸುತ್ತಿದ್ದರು, ಅಲ್ಲಿಂದ ಬೆಳೆದದ್ದು. ಇವತ್ತಿಗೂ ಅದರಲ್ಲಿ ಬಹುಪಾಲು ಪ್ರಕಟಣೆ ಪುಕ್ಕಟೆ. ಕೆಲಸಕ್ಕೆ ಜನ ಬೇಕು ಅನ್ನುವ ಕಂಪನಿಗಳು ಮತ್ತು ಇನ್ನು ಕೆಲವರ ಹತ್ತಿರ ಮಾತ್ರ ದುಡ್ಡು ತೆಗೆದುಕೊಳ್ಳುತ್ತಾರೆ. ನೋಡಲು ಮೂವತ್ತು ವರ್ಷದ ಹಿಂದಿನ ಪುಟದ ಹಾಗೇ ಇದೆ, ಬರೀ ಅಕ್ಷರ. ನಿಮ್ಮ 20 ಕೆಬಿ ಓದಿದಾಗ ನನಗೆ ಅದೇ ನೆನಪಾಯಿತು. ಅದು ಲಾಭ ಮಾಡಿದೆ, ಚೆನ್ನಾಗಿಯೇ ಮಾಡಿದೆ. ಆದರೆ ಓದುವವರನ್ನು ಗುಡ್ಡದ ಮೇಲೆ ಕಾಯಿಸಲಿಲ್ಲ.

ನನ್ನ ಅನುಭವದಲ್ಲಿ ದುಡ್ಡು ಯಾರು ಕೊಡುತ್ತಾರೋ ಅವರಿಗೆ ಬೇಕಾದ ಹಾಗೆ ಪುಟ ತಿರುಗುತ್ತದೆ. ಜಾಹೀರಾತುದಾರ ಕೊಟ್ಟರೆ ಪುಟ ಅವನ ಕಡೆ ವಾಲುತ್ತದೆ. ಓದುವವರೇ ಕೊಟ್ಟರೆ ಅವರ ಕಡೆ. ನಿಮ್ಮ ಕೈಯಿಂದಲೇ ಹೋದರೆ ನಿಮಗೆ ಸರಿ ಅನ್ನಿಸಿದ ಕಡೆ.

ಒಂದು ಭಯ ಮಾತ್ರ ಹೇಳಿಬಿಡುತ್ತೇನೆ. ಪ್ರೀತಿಯಿಂದ ಮಾಡಿದ್ದು ಮಾಡಿದವರ ಜೊತೆಗೇ ಹೋಗಿಬಿಡುತ್ತದೆ. ಲಾಭಕ್ಕೆ ಮಾಡಿದ್ದೂ ಉಳಿಯುತ್ತದೆ ಅಂತಲ್ಲ. ಜಿಯೋಸಿಟೀಸ್ 1994ರಲ್ಲಿ ಶುರುವಾಗಿತ್ತು. ಜನ ತಮ್ಮ ತಮ್ಮ ಪುಟ ಪುಕ್ಕಟೆ ಮಾಡಿಕೊಳ್ಳುವ ಜಾಗ. ಬೆಕ್ಕಿನ ಬಗ್ಗೆ, ತೀರಿಹೋದ ಮಗುವಿನ ಬಗ್ಗೆ, ಅಂಚೆಚೀಟಿಯ ಬಗ್ಗೆ ಜನ ಪುಟ ಮಾಡಿದ್ದರು. 1999ರಲ್ಲಿ ಯಾಹೂ ಅದನ್ನು ಮುನ್ನೂರು ಕೋಟಿ ಡಾಲರಿಗೂ ಜಾಸ್ತಿ ಬೆಲೆಗೆ ಕೊಂಡಿತು, 2009ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಮುಚ್ಚಿತು. ಪುಟ ಬರೆದವರದು ಪ್ರೀತಿ, ಜಾಗ ಕೊಟ್ಟವರದು ವ್ಯಾಪಾರ. ಕೊನೆಗೆ ದೊಡ್ಡ ಪಾಲನ್ನು ಉಳಿಸಿದ್ದು ಕೂಡ ಸಂಬಳವಿಲ್ಲದೆ ರಾತ್ರಿಯೆಲ್ಲ ಪ್ರತಿ ಮಾಡಿಕೊಂಡ ಕೆಲವು ಜನ.

ಟೀಚರ್ ಕೇಳಿದ್ದನ್ನೇ ನಾನೂ ಕೇಳುತ್ತೇನೆ. ನಿಮ್ಮ ಪುಟದ ಇನ್ನೊಂದು ಪ್ರತಿ ಯಾರ ಹತ್ತಿರ ಇದೆ?

ಕೆರೆದಂಡೆ:

ನಾನು ಸಾಗರದವನು, ಈಗ ಮೈಸೂರಿನಲ್ಲಿದ್ದೇನೆ. ಕನ್ನಡ ವಿಕಿಪೀಡಿಯದಲ್ಲಿ ಬರೆಯುತ್ತೇನೆ. ಅದು 2003ರ ಜೂನಿನಲ್ಲಿ ಶುರುವಾಯಿತು, ಈಗ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಬರೆಯುವುದಕ್ಕೆ ಯಾರೂ ನನಗೆ ಒಂದು ಪೈಸೆ ಕೊಟ್ಟಿಲ್ಲ, ನಾನೂ ಕೇಳಿಲ್ಲ. ಸರ್ವರ್ ಖರ್ಚು ಓದುವವರು ಕೊಡುವ ದೇಣಿಗೆಯಿಂದ ನಡೆಯುತ್ತದೆ.

ತೋಟಿಗರೇ, ನಿಮ್ಮ ಗುಡ್ಡದ ಕತೆ ಓದಿ ನನಗೆ ಸ್ಪ್ಯಾನಿಷ್ ವಿಕಿಪೀಡಿಯದವರು ನೆನಪಾದರು. ಜಾಹೀರಾತಿಲ್ಲದ ಈ ಜಾಗವೂ ತಾನಾಗಿ ಹಾಗೆ ಉಳಿದದ್ದಲ್ಲ. ವಿಕಿಪೀಡಿಯ 2001ರ ಜನವರಿಯಲ್ಲಿ ಹುಟ್ಟಿದ್ದು ಬೋಮಿಸ್ ಅನ್ನೋ ಒಂದು ವ್ಯಾಪಾರಿ ಕಂಪನಿಯ ಮನೆಯಲ್ಲಿ. 2002ರ ಶುರುವಿನಲ್ಲಿ, ಮುಂದೆ ಜಾಹೀರಾತು ಬರಬಹುದು ಅನ್ನೋ ಮಾತು ಬಂತು. ಬಂದದ್ದು ಮಾತು ಮಾತ್ರ, ಜಾಹೀರಾತು ಬಂದಿರಲಿಲ್ಲ. ಅಷ್ಟಕ್ಕೇ ಸ್ಪ್ಯಾನಿಷ್ ಭಾಷೆಯಲ್ಲಿ ಬರೆಯುತ್ತಿದ್ದವರು ಸಿಟ್ಟಾದರು. ತಾವು ಬರೆದದ್ದನ್ನೆಲ್ಲ ಎತ್ತಿಕೊಂಡು ಸ್ಪೇನಿನ ಸೆವಿಲ್ ವಿಶ್ವವಿದ್ಯಾಲಯದ ಸರ್ವರಿನಲ್ಲಿ ಬೇರೆಯದೇ ವಿಶ್ವಕೋಶ ಮಾಡಿಕೊಂಡರು. ಎತ್ತಿಕೊಂಡು ಹೋಗಲು ಪರವಾನಗಿಯೇ ಅವಕಾಶ ಕೊಟ್ಟಿತ್ತು. ಅದೇ ವರ್ಷ ವಿಕಿಪೀಡಿಯದ ವಿಳಾಸ ವ್ಯಾಪಾರಿಗಳ ಡಾಟ್ ಕಾಮ್ ಬಿಟ್ಟು, ಲಾಭವಿಲ್ಲದ ಸಂಸ್ಥೆಗಳು ಹೆಚ್ಚಾಗಿ ಬಳಸುವ ಡಾಟ್ ಆರ್ಗ್‌ಗೆ ಬಂತು. ಮರುವರ್ಷ ಲಾಭವಿಲ್ಲದ ಪ್ರತಿಷ್ಠಾನ ಆಯಿತು. ಯಾರೋ ಎದ್ದು ಹೊರಟ ಕಾರಣಕ್ಕೆ ಉಳಿದವರಿಗೆ ಎಚ್ಚರವಾಯಿತು ಅಂತ ನನಗೆ ಅನ್ನಿಸುತ್ತದೆ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಅಮ್ಮ ಪ್ರತಿ ವರ್ಷ ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿ ಹಾಕುತ್ತಾಳೆ. ಒಂದು ಸಲ ಮಿಡಿ ಬಂದ ದಿನ ಕಂಬಳಿಯ ಮೇಲೆ ಹರಡಿದ್ದಳು. ತೊಟ್ಟು ಮುರಿದ ಕಡೆ ಸೊನೆ ಇನ್ನೂ ಹಸಿಯಾಗಿ ಮಿನುಗುತ್ತಿತ್ತು. ಫೋಟೊ ತೆಗೆದು, ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿದೆ. ಎರಡು ವರ್ಷದ ಮೇಲೆ ಒಂದು ಅಂಗಡಿಯಲ್ಲಿ ಉಪ್ಪಿನಕಾಯಿ ಪೊಟ್ಟಣದ ಮೇಲೆ ಅದೇ ಫೋಟೊ! ಅಮ್ಮನ ಕಂಬಳಿಯ ಕೆಂಪು ಅಂಚು ಕೂಡ ಕಾಣುತ್ತಿತ್ತು. ನಾನು ಕೊಟ್ಟ ಪರವಾನಗಿಯಲ್ಲಿ ವ್ಯಾಪಾರಕ್ಕೆ ಬಳಸುವುದಕ್ಕೂ ಒಪ್ಪಿಗೆ ಇದೆ, ಹೆಸರು ಹಾಕಬೇಕು ಅಷ್ಟೇ. ಅವರು ಹಾಕಿರಲಿಲ್ಲ. ಒಂದು ದಿನ ಬೇಜಾರಾಯಿತು. ಆಮೇಲೆ ಪೊಟ್ಟಣವನ್ನು ಅಮ್ಮನಿಗೆ ತೋರಿಸಿದೆ. ಅವಳು ನೋಡಿ "ಮಿಡಿ ಚೆನ್ನಾಗಿ ಬಂದಿತ್ತು ಆ ವರ್ಷ" ಅಂದಳು. ಬೇರೆ ಏನೂ ಹೇಳಲಿಲ್ಲ.

ನನ್ನ ಪ್ರೀತಿಯಿಂದ ಇನ್ನೊಬ್ಬರಿಗೆ ಲಾಭ ಆಯಿತು. ಆಗಲಿ. ಅದಕ್ಕಾಗಿ ಫೋಟೊ ತೆಗೆದುಹಾಕಿದರೆ ಅಪ್ಪೆಮಿಡಿ ಅಂದರೇನು ಅಂತ ಹುಡುಕುವ ಹುಡುಗನಿಗೆ ಏನು ಸಿಗುತ್ತದೆ?

ನಿಮ್ಮ ಮಗನಿಗೆ ಹೇಳಿ, ನೀವೊಬ್ಬರೇ ಅಲ್ಲ ಅಂತ.

ಮಲೆನಾಡ ಮಗಳು:

ನಾನು ಬೆಳಗಾವಿಯಲ್ಲಿದ್ದೇನೆ. ಅಪ್ಪ ಯಲ್ಲಾಪುರದ ಹತ್ತಿರ ಹಳ್ಳಿಯಲ್ಲಿ ಒಬ್ಬರೇ. ಅವರು ಸ್ಮಾರ್ಟ್‌ಫೋನ್ ಮುಟ್ಟುವುದಿಲ್ಲ. ಸಂಜೆ ಕೆಲಸ ಮುಗಿಸಿ ಬಸ್ಸಿನಲ್ಲಿ ಕೂತು ನಿಮ್ಮ ಪುಟ ತೆಗೆಯುತ್ತೇನೆ, ಅಪ್ಪನಿಗೆ ಫೋನ್ ಮಾಡಿ ಕೆಂಪುಗೋಟು ಎಷ್ಟು, ಚಾಲಿ ಎಷ್ಟು ಅಂತ ಓದುತ್ತೇನೆ. ಆರು ವರ್ಷವಾಯಿತು. ನಮ್ಮಿಬ್ಬರಿಗೂ ಮಾತು ಕಡಿಮೆ. ಅಮ್ಮ ಹೋದ ಮೇಲೆ ಇನ್ನೂ ಕಡಿಮೆಯಾಯಿತು. ಧಾರಣೆ ಓದಿದ ಮೇಲೆ "ಊಟ ಆಯ್ತಾ" ಅಂತ ಕೇಳಲು ಸುಲಭವಾಗುತ್ತದೆ.

ಇದನ್ನು ನಿಮಗೆ ಯಾವತ್ತೋ ಹೇಳಬೇಕಿತ್ತು ಮಾವ. ಇಷ್ಟು ದಿನ ಸುಮ್ನೆ ಓದಿ ಹೋಗುತ್ತಿದ್ದೆ. ವರ್ಷದ ಖರ್ಚಿನಲ್ಲಿ ನನ್ನದೂ ಪಾಲಿರಲಿ, ಬೇಡ ಅನ್ನಬೇಡಿ.

ಶಿರಸಿ ತೋಟಿಗ:

ಎಲ್ಲರದ್ದನ್ನೂ ಓದಿದೆ. ಮನೆಯವಳಿಗೂ ಓದಿ ಹೇಳಿದೆ. ಬೆಳಗಾವಿಯ ತಂಗಿ ಬರೆದದ್ದನ್ನು ಎರಡು ಸಲ ಓದಿಸಿಕೊಂಡಳು.

ಜಾಹೀರಾತು ಹಾಕುವುದಿಲ್ಲ. ನಿನ್ನೆ ಮಗನ ಹತ್ತಿರ ಮಾತಾಡಿದೆ. ಅವನಿಗೂ ಇದನ್ನೆಲ್ಲ ಕಳಿಸಿದ್ದೆ. ಅವನು ಲಾಭದ ಮಾತು ಎತ್ತಲಿಲ್ಲ, "ಕಣ್ಣಿಗೆ ತೊಂದರೆಯಾದರೆ ಟೈಪ್ ಯಾರು ಮಾಡ್ತಾರೆ" ಅಂದ. ಅದು ಸರಿಯಾದ ಪ್ರಶ್ನೆ. ಮಂಡಿಯಲ್ಲಿ ನನ್ನ ಜಾಗಕ್ಕೆ ಬಂದ ಹುಡುಗನಿಗೆ ಕೇಳಿದ್ದೇನೆ, ವಾರದಲ್ಲಿ ಮೂರು ದಿನ ತಾನು ಹಾಕುತ್ತೇನೆ ಅಂದಿದ್ದಾನೆ. ಕೆಳಗಿನ ಎರಡು ಸಾಲನ್ನು ಅವನೇ ಬರೆಯಲಿ. ನಾನು ತಿದ್ದುವುದಿಲ್ಲ.

ದುಡ್ಡು ಕೊಡುತ್ತೇನೆ ಅಂದವರಿಗೆ ಕೈ ಮುಗಿಯುತ್ತೇನೆ. ಈ ವರ್ಷದ್ದು ಕಟ್ಟಿಯಾಗಿದೆ. ಬರುವ ವರ್ಷ ಬೇಕಾದರೆ ಕೇಳುತ್ತೇನೆ, ಸಂಕೋಚ ಮಾಡಿಕೊಳ್ಳುವುದಿಲ್ಲ.

ಟೀಚರಮ್ಮ ಮತ್ತು ಬಾಬು ಕೇಳಿದ್ದು ರಾತ್ರಿ ನಿದ್ದೆ ಕೆಡಿಸಿತು. ಇನ್ನೊಂದು ಪ್ರತಿ ಎಲ್ಲೂ ಇಲ್ಲ. ನೋಟ್‌ಬುಕ್ಕುಗಳು ಅಟ್ಟದ ಮೇಲೆ ಟ್ರಂಕಿನಲ್ಲಿವೆ. ಬೆಳಿಗ್ಗೆ ಇಳಿಸಿದೆ, ಇಪ್ಪತ್ತೇಳು ಇವೆ. ಒಂದಕ್ಕೆ ಗೆದ್ದಲು ಹಿಡಿದಿತ್ತು, ಬಿಸಿಲಿಗೆ ಹಾಕಿದ್ದೇನೆ. ಅಕ್ಕನ ಮಗ 2011ರಿಂದ ಇವತ್ತಿನವರೆಗಿನ ಧಾರಣೆಯನ್ನೆಲ್ಲ ಒಂದೇ ಕಡತ ಮಾಡಿ ಪುಟದ ಕೆಳಗೆ ಇಡುತ್ತಾನೆ. ಯಾರು ಬೇಕಾದರೂ ಇಳಿಸಿಕೊಳ್ಳಿ, ಯಾವುದಕ್ಕೆ ಬೇಕಾದರೂ ಬಳಸಿ. ಅದು ಬೇರೆ ಕೊಂಡಿಯಲ್ಲಿ ಇರುತ್ತದೆ, ಧಾರಣೆಯ ಪುಟ 20 ಕೆಬಿಯೇ.

ಒಂದು ಸಹಾಯ ಬೇಕು. 2016ರ ಏಪ್ರಿಲ್‌ನಲ್ಲಿ ಹನ್ನೊಂದು ದಿನದ್ದು ಇಲ್ಲ. ಆಗ ನಾನು ಆಸ್ಪತ್ರೆಯಲ್ಲಿದ್ದೆ, ಮನೆಯವಳೂ ಜೊತೆಗಿದ್ದಳು. 9ರಿಂದ 19ರವರೆಗೆ. ಯಾರ ಮನೆಯಲ್ಲಾದರೂ ಆಗ ಅಡಿಕೆ ಮಾರಿದ ಮಂಡಿಯ ಪಟ್ಟಿ ಇದ್ದರೆ, ಹರಿದದ್ದಾದರೂ ಸರಿ, ಫೋಟೊ ತೆಗೆದು ಕಳಿಸಿ.

ಮಲೆನಾಡ ಮಗಳು:

ಅಪ್ಪ ಅಡಿಕೆ ಕೊಟ್ಟ ಎಲ್ಲ ಪಟ್ಟಿಯನ್ನೂ ತಂತಿಗೆ ಚುಚ್ಚಿ ಇಟ್ಟಿರುತ್ತಾರೆ ಮಾವ. ಆ ವರ್ಷ ಯುಗಾದಿ ಆದಮೇಲೆ ಚಾಲಿ ಕೊಟ್ಟದ್ದು ನೆನಪಿದೆ, ನನ್ನ ಮದುವೆಗೆ. ಶನಿವಾರ ಊರಿಗೆ ಹೋಗುತ್ತಿದ್ದೇನೆ. ತೆಗೆದು ನೋಡುತ್ತೇನೆ.